ಗೇಟಿಲ್ಲದ ಕಡೆ

ನಮ್ಮ ಜಿಲ್ಲೆಗೆ ರೈಲಿಲ್ಲ.
ಆದರೂ ಮಾಲ್ದಾರೆ ತಿರುವಿನಲ್ಲಿ
ಕೆಂಪು ಬಾವುಟ ಹಿಡಿದು ನಿಂತಿದ್ದೇನೆ,
ನಂಜನಗೂಡಿನಾಚೆ ಇಪ್ಪತ್ತಾರು ವರ್ಷ
ಗೇಟು ಹಾಕಿ, ತೆಗೆದು, ರಿಟೈರಾದ ಉತ್ತಯ್ಯ.

ಅಲ್ಲಿ ಸ್ಟೇಷನ್ನಿನಿಂದ ಫೋನು, ಪುಸ್ತಕದಲ್ಲಿ ನಂಬರು.
ಇಲ್ಲಿ ವಾಚರ್ ಮುತ್ತನ ಸಿಳ್ಳೆ:
ದೊಡ್ಡವು ಆರು, ಮರಿ ಒಂದು,
ಕಾಫಿಯೊಳಗಿಂದ ಬರ್ತಾ ಇವೆ.

ಹಾರ್ನು ಮಾತ್ರ ಅದೇ.
‘ಎಲ್ಲಿ ಮಾರಾಯ, ಕಾಣೋದೇ ಇಲ್ವಲ್ಲ?’
ಕಾಣುವ ಹೊತ್ತಿಗೆ ತಡವಾಗಿರುತ್ತದೆ ಅಂತ
ಎಷ್ಟು ಜನಕ್ಕೆ ಹೇಳಲಿ.

ನಂಜುಂಡನಿಗೂ ಬಾಗದ ಕತ್ತು
ಗೇಟಿನ ಕೋಲಿನಡಿ ಎಷ್ಟು ಚೆನ್ನಾಗಿ ಬಾಗುತ್ತಿತ್ತು!
ಬೈಕು ವಾಲಿಸಿ, ಒಂದು ಕಾಲು ಊರಿ, ತೂರಿ.
ಮೊಪೆಡ್ಡಿನವನೊಬ್ಬ ‘ಬಂದೆ ಅಣ್ಣ’ ಅಂದ.
ಹಳಿಯುದ್ದಕ್ಕೂ ಬದನೆಕಾಯಿ.
ನಾನೇ ಆರಿಸಿದೆ, ಅರ್ಧ ಬುಟ್ಟಿಯಾಯಿತು.
ಅವನ ಹೆಸರು ಆಮೇಲೆ ಗೊತ್ತಾದದ್ದು.

ಇವತ್ತು ಜೀಪಿನವನು,
ಹೋಂಸ್ಟೇ ಗಿರಾಕಿಗಳನ್ನು ತುಂಬಿಕೊಂಡು
ಬಾವುಟ ಬಳಸಿ ನುಗ್ಗಿದ.
ಮರಿ ಇನ್ನೂ ಆಚೆ ದಡದಲ್ಲಿತ್ತು.
ತಾಯಿ ರಸ್ತೆ ನಡುವೆ ನಿಂತಳು,
ನಿಧಾನ ತಿರುಗಿದಳು.
ರೈಲು ಹಾಗೆ ತಿರುಗಿ ನೋಡಿದ್ದನ್ನು
ನಾನು ಒಂದು ದಿನವೂ ಕಂಡಿಲ್ಲ.

ಹಾರ್ನಿನ ಉಸಿರು ನಿಂತಿತು.
ಜೀಪು ಹಿಂದಕ್ಕೆ, ಇನ್ನೂ ಹಿಂದಕ್ಕೆ, ಚರಂಡಿಗೆ.
ಮರಿ ದಾಟಿತು, ಡಾಂಬರು ಮೂಸುತ್ತ,
ಅವಸರವೇ ಇಲ್ಲದೆ.

ಬರೆಯಲು ಪುಸ್ತಕವಿಲ್ಲ. ಅಂಗೈಯಲ್ಲೇ ಬರೆದೆ:
ಏಳು. ಸಂಜೆ ಐದು ನಲವತ್ತು.
ಆಮೇಲೇ ಬಾವುಟ ಇಳಿಸಿದ್ದು.

ಚರಂಡಿಯಿಂದ ಮೇಲೆ ಬಂದವನು
ಪ್ಯಾಂಟಿನ ಕೆಸರು ಒರೆಸುತ್ತ ನನ್ನನ್ನೇ ಗದರಿದ:
‘ಇಲ್ಲೊಂದು ಗೇಟು ಹಾಕಿಸೋಕೆ ಏನ್ರೀ ನಿಮಗೆ?’