ನವೆಂಬರಿನ ಬೆನ್ನು

ಫ್ರಿಜ್ಜಿನ ಬೀಗದ ಕೈ ನನ್ನ ಸೊಂಟದಲ್ಲಿ.
ಅದಕ್ಕೇ ಇರಬೇಕು, ಕೊರಿಯಾಕ್ಕೆ ಮೂರನೇ ಸ್ಥಾನ.

ಗೋಜೆ ದ್ವೀಪ. ಹಡಗು ಕಟ್ಟುವವರ ಹಾಸ್ಟೆಲು.
ಮೂರು ಮಹಡಿ, ಒಂದು ಅಡುಗೆಮನೆ, ನಾಲ್ಕು ಉರಿಯ ಒಲೆ;
ನಾಲ್ಕರಲ್ಲಿ ಒಂದು ಕೆಟ್ಟು ಎರಡು ವರ್ಷ.
ಭಾನುವಾರ ಮಧ್ಯಾಹ್ನ ಗೋಡೆಯ ನವೆಂಬರನ್ನು ಹರಿದು
ಅದರ ಬೆನ್ನ ಮೇಲೆ ಗೆರೆ ಎಳೆದರು ಹುಡುಗರು:
ಏಷ್ಯಾದಲ್ಲಿ ಯಾರ ಊಟ ಮೊದಲು, ಯಾರದು ಕೊನೆ?

ಸೋಮ್‌ಕಿಯಾತ್ ಯಾರನ್ನೂ ಕೇಳದೆ ಥಾಯ್ಲೆಂಡನ್ನು ಮೇಲೆ ಬರೆದ.
ಹುಳಿ ಖಾರ ಸಿಹಿ ಉಪ್ಪು
ಒಂದೇ ತುತ್ತಿನಲ್ಲಿ ಜಗಳವಾಡಿ ಅಲ್ಲೇ ರಾಜಿಯಾಗಬೇಕು, ಅಂದ.
ರಾಜಿಯೇ? ನಿನ್ನ ಸಾರು ಕುಡಿದು
ನನ್ನ ಕಿವಿಯಲ್ಲಿ ಗಂಟೆ ಬಾರಿಸಿತ್ತು, ಅಂದ ಖ್ವೆ.
ಅವನದು ಎಲುಬಿನ ಸಾರು, ರಾತ್ರಿಯಿಡೀ ಸಣ್ಣ ಉರಿ,
ಗ್ಯಾಸಿನ ಬಿಲ್ಲು ನನ್ನ ಲೆಕ್ಕದಲ್ಲಿ.
ಜಹೊಂಗಿರ್ ಎದ್ದ, ಕೋರ್ಟಿನಲ್ಲಿ ನಿಂತ ಹಾಗೆ:
ಕ್ಯಾರೆಟ್ಟು ತುರಿಯುವವನ ಕೈಯಲ್ಲಿ ಪಲಾವು ತಿನ್ನಬೇಡಿ,
ಹೆಚ್ಚಬೇಕು, ಬೆಂಕಿಕಡ್ಡಿಯಷ್ಟು ದಪ್ಪ.
ಅವರಪ್ಪ ಒಂದು ಮದುವೆಗೆ ನಲವತ್ತು ಕಿಲೊ ಹೆಚ್ಚಿ
ವಾರವಿಡೀ ಹೆಬ್ಬೆರಳು ಮಡಿಸಲಿಲ್ಲವಂತೆ.
ಖಿಮ್ ಬಹಾದುರನದು, ಬೆಳಿಗ್ಗೆ ಬೇಳೆ ಅನ್ನ, ರಾತ್ರಿ ಬೇಳೆ ಅನ್ನ.
"ಮಧ್ಯಾಹ್ನ?"
"ರಾತ್ರಿಯದನ್ನು ನೆನೆಯುವುದು."

ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ;
ಹೆಗ್ಗಣಗಳೆಲ್ಲ ಇರುವುದು ನನ್ನ ಒಂದೇ ಫ್ರಿಜ್ಜಿನಲ್ಲಿ.

ಕೊನೆಯ ಸ್ಥಾನಕ್ಕೆ ಬಂದಾಗ ಕುರ್ಚಿಗಳು ಸರಿದವು.
ಎಲುಬು ಹೆರೆಯುತ್ತ ಕೂತಿದ್ದ ಓಯುನ್‌ಬಿಲೆಗ್
ತಲೆ ಎತ್ತದೆ ಅಂದ: ನಮ್ಮದನ್ನೇ ಬರೆಯಿರಿ.
ಕುರಿ. ನೀರು. ಉಪ್ಪು.
ಗಾಳಿ ಗುಡಾರವನ್ನೇ ಎತ್ತಿಕೊಂಡು ಹೋಗುವಲ್ಲಿ
ಕೊತ್ತಂಬರಿ ಯಾರ ಮನೆಯಲ್ಲಿ ಬೆಳೆಯಲಿ?
ಎಲ್ಲರೂ ನಕ್ಕರು, ಎಲ್ಲರಿಗಿಂತ ಮೊದಲು ಅವನು.

ಸುಗೆಂಗ್ ಮಾತ್ರ ಪೆನ್ಸಿಲು ಮುಟ್ಟಲಿಲ್ಲ.
ಜಾವಾದವನು. ಅವನ ಸಿಗಡಿ ಹಿಂಡಿಯ ಡಬ್ಬಿಗೆ
ಎರಡನೇ ಮಹಡಿಯವರ ದೂರಿಗೆ ಹೆದರಿ
ನಾನೇ ಮೂರು ಚೀಲ ಸುತ್ತಿಸಿದ್ದೆ.
ಅದನ್ನು ತಂದು, ಮುಚ್ಚಳ ತೆಗೆದು, ಮೂಗಿಗೆ ಹಿಡಿದ.
ಮೂರು ಚಳಿಗಾಲ ಹಡಗಿನ ತೊಟ್ಟಿಯೊಳಗೆ ಬೆಸುಗೆ ಹಾಕಿದ್ದೇನೆ.
ಹೋದ ವರ್ಷದಿಂದ ಇದಕ್ಕೂ ಬೂಟಿನ ಪಾಲಿಶಿಗೂ
ವ್ಯತ್ಯಾಸ ಗೊತ್ತಾಗುತ್ತಿಲ್ಲ.
ಹೆಂಡತಿ ಕಳಿಸುತ್ತಾಳೆ. ಚೆನ್ನಾಗಿತ್ತು ಅನ್ನುತ್ತೇನೆ, ಫೋನಿನಲ್ಲಿ.

ಒಲೆಯ ಮೇಲೆ ಏನೋ ಉಕ್ಕಿತು. ಯಾರೂ ಏಳಲಿಲ್ಲ.

ಓಯುನ್‌ಬಿಲೆಗ್ ತನ್ನ ಚಹಾ ಬಗ್ಗಿಸಿದ.
ಹಾಲು ಹಾಕಿದ, ಸಕ್ಕರೆ ಇರಬೇಕಾದಲ್ಲಿ ಉಪ್ಪು ಹಾಕಿದ ಚಹಾ;
ನಾನೊಮ್ಮೆ ಕುಡಿದು ಸಿಂಕಿಗೆ ಓಡಿದ್ದೆ.
ಸುಗೆಂಗ್ ಎರಡೂ ಕೈಯಲ್ಲಿ ಬಟ್ಟಲು ಹಿಡಿದು
ಗುಟುಕರಿಸಿ, ತಡೆದು, ಮತ್ತೆ ಗುಟುಕರಿಸಿ
"ಉಪ್ಪು" ಅಂದ,
ಸಂತೆಯಲ್ಲಿ ನಮ್ಮೂರಿನವರು ಸಿಕ್ಕ ಹಾಗೆ.
"ಬಿಸಿ. ಉಪ್ಪು. ಇದು ಸಿಗುತ್ತದೆ ನನಗೆ."
ಕೊನೆಯ ಸಾಲಿನ ಎದುರು ಒಂದು ಎಂದು ಬರೆದ,
ಪೆನ್ಸಿಲು ಮುರಿಯುವಷ್ಟು ಒತ್ತಿ.

ಅಜುಮ್ಮಾ, ನೀವು ಹೇಳಿ, ಎಲ್ಲಕ್ಕಿಂತ ಕೆಟ್ಟದ್ದು?
ಪೈನ್ ಮರದ ಒಳತೊಗಟೆ, ಅಂದೆ. ಕುಟ್ಟಿ ಗಂಜಿ ಮಾಡುವುದು.
ಆರು ವರ್ಷದವಳು ನಾನು. ಬಾರ್ಲಿ ಇನ್ನೂ ಹಸಿರು.
ಆಮೇಲೆ ಮೂರು ದಿನ ಕಕ್ಕಸಿನಲ್ಲಿ ಅಳುತ್ತಿದ್ದೆವು, ನಾನೂ ಅಣ್ಣನೂ.
ಖಿಮ್ ಮೆಲ್ಲಗೆ, ತುರಚಿ ಸೊಪ್ಪು, ಅಂದ.
ಜಹೊಂಗಿರನ ಅಜ್ಜಿಗೆ ಯುದ್ಧದ ವರ್ಷ ಹತ್ತಿಬೀಜದ ಹಿಂಡಿ.
ಯಾವ ದೇಶದ ಕೆಳಗೆ ಬರೆಯಲಿ ಇವನ್ನ?
ಮೊನೆ ಮಾಡುತ್ತ ಕೇಳಿದ ಖ್ವೆ.
ಜಾಗ ಇರಲಿಲ್ಲ. ನವೆಂಬರು ಮುಗಿದಿತ್ತು.

ಮರುದಿನ ನೋಡಿದರೆ ಆ ಹಾಳೆಯ ಮೇಲೆ ಪಾತ್ರೆ.
ಬಿಸಿಬಿಸಿಯಾಗಿಯೇ ಇಟ್ಟಿದ್ದಾರೆ: ಕರಿ ಬಳೆ,
ಬಳೆಯೊಳಗೆ ಥಾಯ್ಲೆಂಡಿನ ಅರ್ಧ, ಮಂಗೋಲಿಯದ ಬಾಲ.
ಯಾರದ್ದಿದು ಎಂದು ಮೂರು ಮಹಡಿಗೂ ಕೇಳುವ ಹಾಗೆ ಕೂಗಿದೆ.
ಒಬ್ಬನೂ ಒಪ್ಪಲಿಲ್ಲ.
ಮುಚ್ಚಳ ತೆಗೆದೆ. ಬರಿದು.
ತಿಕ್ಕಿರಲಿಲ್ಲ.