ಎರಡನೇ ಸಾಧನ

ಶುಕ್ರವಾರ ಮನಾಮಾದ ನಮ್ಮ ಓಣಿಯಲ್ಲಿ
ಕಾಲಿಡಲು ಜಾಗವಿರುವುದಿಲ್ಲ. ರಜೆ ಸಿಕ್ಕವರೆಲ್ಲ
ಒಡೆದ ಗಾಜು, ಉಬ್ಬಿದ ಬ್ಯಾಟರಿ ಹಿಡಿದು
ಕೋಯಾಕನ ಅಂಗಡಿಗೇ ಬರುತ್ತಾರೆ.
ಸೆವ್ರಿನ್‌ಬಾಯಿ ಬಂದದ್ದು ಅಸರ್ ಬಾಂಗಿನ ಹೊತ್ತಿಗೆ,
ಮನೆಯೊಡತಿ ಬಳಸಿ ಕೊಟ್ಟ ಫೋನು ಕೈಯಲ್ಲಿ,
ತಲೆಯಿಂದ ಕಾಲಿನವರೆಗೂ ಅರಬಿ.
‘ಕನ್ನಡದ ವಾರಪತ್ರಿಕೆ ಇದರೊಳಗೆ ಬರ್ತದಂತಲ್ಲ?
ಹಾಕಿ ಕೊಡು ಮಾರಾಯ.’

ಹಾಕಿದೆ. ಅದು ಮೊದಲು ಕೇಳಿದ್ದು ಹುಟ್ಟಿದ ದಿನ.
‘ಪಾಸ್‌ಪೋರ್ಟಿನದ್ದಾ, ಇಗರ್ಜಿಯದ್ದಾ?’
ನಡುವೆ ನಾಲ್ಕು ವರ್ಷದ ಅಂತರವಂತೆ.
ಪತ್ರಿಕೆಗೆ ಸುಳ್ಳು ಬೇಡವೆಂದು
ಇಗರ್ಜಿಯದ್ದನ್ನೇ ಬರೆಸಿದರು.

ಅಕ್ಷರ ಎಷ್ಟು ದೊಡ್ಡದು?
ಎಳೆದೆ. ಇನ್ನೂ ಎಳೆ ಅಂದರು. ಎಳೆದೆ.
ಕೊನೆಗೆ ಸಾಲಿಗೆ ಎರಡೇ ಪದ ಹಿಡಿದವು,
‘ಹೊರಟುಹೋಗಿದ್ದಳು’ ಎಂಬವಳು
ಹೊರಟುಹೋ ಎಂಬಲ್ಲಿ ಮುರಿದು
ಗಿದ್ದಳು ಕೆಳಗೆ ಬಿದ್ದಳು.
‘ಸಾಕು, ಇಷ್ಟೇ ಇರಲಿ.’

ಬೆಳಕು ಕನಿಷ್ಠ. ಕಪ್ಪು ಪುಟ, ಬಿಳಿ ಅಕ್ಷರ.
ಪಕ್ಕದ ಮಂಚದ ಫಿಲಿಪೀನ್ಸಿನ ಹುಡುಗಿ
ನಸುಕಿಗೆ ಮಕ್ಕಳನ್ನು ಎಬ್ಬಿಸಬೇಕು, ಅವಳ ನಿದ್ದೆ ಕೆಡಬಾರದು.
ಪುಟ ಮಗುಚುವ ಸದ್ದು? ಬೇಡ.
ತುಸು ತಡೆದು: ‘ಒಮ್ಮೆ ಕೇಳಿಸು, ಆಮೇಲೆ ತೆಗೆ.’
ಕೇಳಿಸಿದೆ.
‘ಇದು ಕಾಗದದ್ದಲ್ಲ, ಹಪ್ಪಳದ್ದು.’
ತೆಗೆದೆ.

ಇಳಿಸಿಕೊಳ್ಳುವುದು ವೈಫೈಯಲ್ಲಿ ಮಾತ್ರ.
ಅದು ಸಿಗುವುದು ಅಡುಗೆಮನೆಯ ಫ್ರಿಜ್ಜಿನ ಪಕ್ಕ;
ಮಚ್‌ಬೂಸಿನ ಅನ್ನ ಬೇಯುವಷ್ಟು ಹೊತ್ತು ಸಾಕಂತೆ.

ಆಗ ನನಗೊಂದು ಹುರುಪು ಹತ್ತಿ
ಇಡೀ ಫೋನನ್ನೇ ಕನ್ನಡ ಮಾಡಿಕೊಟ್ಟೆ.
ಅಧಿಸೂಚನೆಗಳು. ಪೂರ್ವನಿಯೋಜಿತ. ಪ್ರವೇಶಿಸುವಿಕೆ.
ತುಟಿ ಅಲ್ಲಾಡಿಸುತ್ತ ಓದಿದರು
ಪರೀಕ್ಷೆಗೆ ಕೂತವರ ಹಾಗೆ.
‘ಇದು ಯಾರ ಮನೆಯ ಕನ್ನಡ?
ಅರಬಿಯೇ ಇರಲಿ. ಮೇಲಿಂದ ಮೂರನೆಯದು ಬೆಳಕು,
ಕೆಳಗಿನ ಹಸಿರು ತಂಗಿ. ನನಗೆ ಗೊತ್ತುಂಟು.’

ಲಿಂಗಸೂಗೂರಿನ ನನ್ನ ಕನ್ನಡಕ್ಕೂ ಉತ್ತರ ಹೊಳೆಯಲಿಲ್ಲ.
ಫೋನನ್ನು ಅರಬಿಗೆ ತಿರುಗಿಸಿದೆ; ಪತ್ರಿಕೆಯೂ ತಿರುಗಿತು
ಬಲದಿಂದ ಎಡಕ್ಕೆ. ತೆರೆದರೆ ಕೊನೆಯ ಪುಟ,
ಧಾರಾವಾಹಿಯ ‘ಮುಂದುವರಿಯುವುದು’ ಮೊದಲು,
ಕತೆ ಆಮೇಲೆ.
ಸರಿಪಡಿಸಲು ತಡಕಾಡುತ್ತಿದ್ದೆ, ಕೈ ಹಿಡಿದರು.
‘ಬೇಡ. ಸಣ್ಣದಿರುವಾಗಲೂ ನಾನು ಹಿಂದಿನಿಂದಲೇ ಓದುವುದು.
ಪದಬಂಧ ಅಲ್ಲೇ ಅಲ್ವಾ ಇರುವುದು.’

ಅರ್ಧ ದಿನಾರ್ ಅಂದೆ. ಪರ್ಸಿನಲ್ಲಿ ಮುನ್ನೂರು ಫಿಲ್ಸ್.
ಒಂದು ಚಂದಾ, ಎರಡು ಸಾಧನ ಎಂದಿತ್ತು ಪರದೆಯಲ್ಲಿ.
‘ಇನ್ನೊಂದನ್ನು ನಿನ್ನದರಲ್ಲಿ ಹಾಕಿಕೋ. ಲೆಕ್ಕ ಚುಕ್ತಾ.’

ಎಂಟು ಜನರ ರೂಮು, ಮೇಲಿನ ಮಂಚ.
ಏಳು ವರ್ಷದ ಮೇಲೆ ಕನ್ನಡ ಓದಿದೆ,
ಅರ್ಕಾವತ್ತಿನಲ್ಲಿ ಎಡವುತ್ತ,
ಅವರ ದಾರಿಯಲ್ಲೇ, ಹಿಂದಿನಿಂದ ಮುಂದಕ್ಕೆ.
ಅವರು ನಿಲ್ಲಿಸಿದಲ್ಲಿ ನೀಲಿ ಗುರುತು, ಪಕ್ಕದಲ್ಲಿ ಸಮಯ:
ಒಂದು ನಲವತ್ತು. ಮಾರನೆಯ ರಾತ್ರಿ, ಒಂದೂವರೆ.
ಬುಧವಾರ ಗುರುತು ಕದಲಲಿಲ್ಲ. ಗುರುವಾರವೂ.
ಮನೆಗೆ ನೆಂಟರಿರಬೇಕು. ಜ್ವರವಿದ್ದರೆ?
ಫೋನ್ ನಂಬರು ತೆಗೆದುಕೊಂಡಿರಲಿಲ್ಲ.
ಸುಮ್ಮನಿರಲಾರದೆ ಮುಂದೆ ಓದಿಬಿಟ್ಟೆ.

ಶುಕ್ರವಾರ ಬಂದವರು
ಫೋನನ್ನು ಕೌಂಟರಿನ ಗಾಜಿಗೆ ಕುಕ್ಕಿದರು.
‘ಹದಿನಾರರಲ್ಲಿ ಬಿಟ್ಟಿದ್ದೆ, ಒಂಬತ್ತರಲ್ಲಿ ತೆರೀತು!
ಎರಡು ದಿನ ಮೂವತ್ತು ಜನಕ್ಕೆ ಬೇಯಿಸಿ ಹಾಕಿದ್ದೇನೆ,
ನನ್ನ ಗುರುತು ಎಳೆದವರು ಯಾರು?’
ಕೋಯಾಕ ನನ್ನತ್ತ ನೋಡಿದ.
ತಪ್ಪೊಪ್ಪಿ, ಇಬ್ಬರ ಗುರುತು ಬೇರೆ ಮಾಡುವ ಗುಂಡಿ ಹುಡುಕಿದೆ.
‘ಅದು ಹಾಗೇ ಇರಲಿ. ನೀನು ನನಗಿಂತ
ಒಂದು ಪುಟ ಹಿಂದೆ ಇರು, ಸಾಕು.’
ಅಂಥ ಸೆಟ್ಟಿಂಗು ಇದರಲ್ಲಿಲ್ಲ ಅಂದೆ.
‘ಗೊತ್ತುಂಟು.’

ಬಾಗಿಲ ತನಕ ಹೋಗಿ ತಿರುಗಿದರು:
‘ಒಂಬತ್ತರಲ್ಲಿ ಆ ಹುಡುಗಿ
ಯಾಕೆ ಮನೆ ಬಿಟ್ಟಳೆಂದು ಬಂತಾ?’
ನಾನು ಬಾಯಿ ತೆರೆಯುವಷ್ಟರಲ್ಲಿ
ಬೇಡ, ಹೇಳಬೇಡ ಎಂದು ಕೈಯಾಡಿಸುತ್ತ
ಬಸ್ಸಿನತ್ತ ಓಡಿದರು.