ಗುಡ್ಡದ ಕಡೆಯ ಬೆಳಕು

ಮುಗಿಯಿತು ಅಂದುಕೊಂಡೇ ಸಹಿ ಹಾಕಿದ್ದೆ,
ಬಲಗಡೆಯ ಮೂಲೆಯಲ್ಲಿ, ಇರುವೆಯಷ್ಟು ಸಣ್ಣಕೆ.
ಹನ್ನೊಂದು ತಿಂಗಳು. ಉಪ್ಪಳದ ಹಳೆ ಐಸ್ ಫ್ಯಾಕ್ಟರಿಯ ಹಿಂದೆ
ಬಾಡಿಗೆಗೆ ಹಿಡಿದ ಕೋಣೆ, ಉಪ್ಪು ಕಾರುವ ಗೋಡೆ,
ಮತ್ತು ಮೀನು ಮಾರುವವರ ಒಂದು ಖಾಲಿ ಬೋಗುಣಿ.

ಅಲ್ಯುಮಿನಿಯಮ್ಮಿಗೆ ತನ್ನದೆಂಬ ಬಣ್ಣ ಇಲ್ಲ ಎಂದು
ತಿಳಿಯಲಿಕ್ಕೇ ಇಡೀ ಮಳೆಗಾಲ ಹೋಯಿತು.
ಬೂದಿ ಬಳಿದೆ, ಸಿಮೆಂಟಾಯಿತು.
ಬಿಳಿ ಸೇರಿಸಿದೆ, ಆಸ್ಪತ್ರೆಯ ಪಾತ್ರೆಯಾಯಿತು.
ಒರೆಸಿ ಒರೆಸಿ, ಒರೆಸಿದಲ್ಲಿ ಉಳಿದ ಕಲೆ
ಒಂದು ದಿನ ಹೊಳೆದುಬಿಟ್ಟಿತು. ನಾನು ಮಾಡಿದ್ದಲ್ಲ ಅದು.
ಸುತ್ತಲಿನದ್ದನ್ನು ಸಾಲ ತಂದು ಬದುಕುವ ಪಾತ್ರೆ:
ಒಂದು ಮೈಗೆ ಮುರಕಲ್ಲಿನ ಕೆಂಪು,
ಇನ್ನೊಂದಕ್ಕೆ ಯಾರದೋ ಸೀರೆಯ ನೀಲಿ,
ತಳದಲ್ಲಿ ಆಕಾಶದ ಒಂದು ಚೂರು.
"ಬಿಡುವು" ಎಂದು ಹೆಸರಿಟ್ಟೆ.

ಕಾಸರಗೋಡಿನ ಸಭಾಭವನದಲ್ಲಿ ಮೂರು ದಿನ ತೂಗುಹಾಕಿದರು.
ಒಬ್ಬರು ಶೂನ್ಯ ಅಂದರು, ಒಬ್ಬರು ಮೌನ ಅಂದರು.
ಕನ್ನಡಕ ಮೇಲೇರಿಸಿ ಬೆಲೆಯ ಚೀಟಿ ಓದಿದವರು
ಚಹಾ ಎಲ್ಲಿ ಕೊಡ್ತಾರೆ ಎಂದು ಕೇಳಿದರು.
ಖುಷಿಯೇ ಆಯಿತು ನನಗೆ, ಸುಳ್ಳು ಹೇಳುವುದಿಲ್ಲ.

ವಾಪಸು ತರುವಾಗ ಆಟೋದಲ್ಲಿ ಹಿಡಿಸಲಿಲ್ಲ.
ಇದಿನಬ್ಬನ ಮೀನಿನ ಟೆಂಪೋದಲ್ಲಿ ಗೋಣಿ ಸುತ್ತಿ ತಂದು
ಮಾರ್ಕೆಟಿನ ಕಂಬಕ್ಕೆ ಒರಗಿಸಿ
ಕಿಸೆಯಲ್ಲಿ ಚಿಲ್ಲರೆಗೆ ತಡಕುತ್ತಿದ್ದೆ.
ವಾರಿಜಕ್ಕ ಗೋಣಿ ಸರಿಸಿದಳು, ಬಂಗುಡೆ ಕೊಯ್ದ ಕೈಯಲ್ಲೇ.

"ಪಾಪ. ಯಾರದ್ದು ಈ ಬೋಗುಣಿ?"
"ಯಾಕೆ ಪಾಪ?"
"ಬೆಳಕು ಗುಡ್ಡದ ಕಡೆಯಿಂದ ಉಂಟಲ್ಲ. ಹೊತ್ತು ಏಳೂವರೆ.
ಆಗಲೇ ಖಾಲಿ ಅಂದರೆ ಮಾರಿ ಮುಗಿದದ್ದಲ್ಲ ಮಾರಾಯ,
ದೋಣಿ ಬರಲಿಲ್ಲ ಅಂತ."

ತುಳುವಿನಲ್ಲಿ ಅಂದದ್ದು ಅವಳು.
ಯಾವ ಭಾಷೆಗೆ ತಿರುಗಿಸಿಕೊಂಡರೂ ಅಷ್ಟೇ ಸರಿ ಇತ್ತು.
ಹನ್ನೊಂದು ತಿಂಗಳು ನಾನದನ್ನು
ನನ್ನ ಕಿಟಕಿಯ ಹೊತ್ತಿನಲ್ಲಿ ನೋಡಿದ್ದೆ.

ಹೆಸರು ಬದಲಿಸಿದರೂ ನಡೆಯುತ್ತಿತ್ತು.
"ದೋಣಿ ಬಾರದ ದಿನ": ಜನ ಇನ್ನೂ ಮೆಚ್ಚುತ್ತಿದ್ದರು.
ಒಂದು ರಾತ್ರಿ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದೂ ನೋಡಿದೆ.
ಇನ್ನೊಬ್ಬರ ಉಪವಾಸ, ನನ್ನ ಅಕ್ಷರ.
ಬೆಳಿಗ್ಗೆ ಅಳಿಸಿದೆ.

ಬೆಳಕನ್ನು ಕಡಲ ಕಡೆಗೆ ಸಾಗಿಸುವುದೆಂದರೆ
ನೆರಳೆಲ್ಲ ಎದ್ದು ಆಚೆ ಬದಿಗೆ ಹೋಗಿ ಕೂರಬೇಕು,
ಕೆಂಪಿಗೆ ತುಸು ಅರಿಶಿನ ಹತ್ತಬೇಕು,
ಬೋಗುಣಿ ತನ್ನ ಸಾಲವನ್ನೆಲ್ಲ ತೀರಿಸಿ
ಬೇರೆಯವರ ಹತ್ತಿರ ಹೊಸ ಸಾಲ ಎತ್ತಬೇಕು.
ನಾಲ್ಕು ತಿಂಗಳು ಹಿಡಿಯಿತು.
ಮಾರಿದ ಗುರುತಿಗೆ ಅಂಚಿನಲ್ಲಿ ಮೂರು ಪೊರೆ ಅಂಟಿಸಿದೆ.
ಫೋನಿನಲ್ಲಿ ತೋರಿಸಿದರೆ ವಾರಿಜಕ್ಕ ನಕ್ಕಳು:
"ಪಾತ್ರೆ ತೊಳೆಯದ ಹೆಂಗಸು ಯಾರಪ್ಪ?"
ಎರಡನ್ನು ಕೆರೆದು ತೆಗೆದೆ.
ಒಂದು ಇರಲಿ. ಎಷ್ಟು ತೊಳೆದರೂ ಒಂದು ಇರುತ್ತದೆ.
ಬಲಗಡೆಗೆ ಸರಿದ ನೆರಳಿನಡಿ ನನ್ನ ಸಹಿ ಮುಳುಗಿತು.
ಇನ್ನೊಮ್ಮೆ ಹಾಕಲು ಕೈ ಬರಲಿಲ್ಲ.

ಈ ಸಲ ಸಭಾಭವನಕ್ಕೆ ಕೇಳಲಿಲ್ಲ.
ಮಧ್ಯಾಹ್ನ ಎರಡೂವರೆಗೆ ಅದೇ ಕಂಬಕ್ಕೆ ಒರಗಿಸಿದೆ.
ಬೆಕ್ಕೊಂದು ಬಂದು ಮೂಸಿ ಹೋಯಿತು.
ಐಸ್ ಒಡೆಯುವ ಹುಡುಗ "ಅಷ್ಟೇನಾ?" ಅಂದ.
ವಾರಿಜಕ್ಕ ಕತ್ತಿ ಒರೆಸಿಟ್ಟು ಬಂದಳು,
ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.
ದರ ಹೇಳುವ ಮುಂಚೆ ಮೀನಿನ ಕಿವಿರು ನೋಡುವ ಹಾಗೆ.

"ಎಲ್ಲ ಉಂಟು. ಸಿಂಬೆ ಎಲ್ಲಿ?"

ನಾನು ಏನೂ ಹೇಳಲಿಲ್ಲ. ಹೇಳಲು ನನಗೂ ಗೊತ್ತಿರಲಿಲ್ಲ.
ಅವಳ ಕೈ ತಾನಾಗಿ ತಲೆಗೆ ಹೋಯಿತು.
ಅಲ್ಲಿತ್ತು, ಒದ್ದೆ ಬಟ್ಟೆಯ ಸುರುಳಿ,
ಬೆಳಗಿನಿಂದ ಇಳಿಸಲು ಮರೆತದ್ದು.